ಹುಳುಕಡ್ಡಿ: ನವೆ ನಿಂತರೂ ಫಂಗಸ್ ನಿಂತಿರಲ್ಲ

ಹೋದ ಮಳೆಗಾಲದ ಮಾತು. ಹತ್ತು ದಿನ ಬಿಡದೆ ಜಡಿಮಳೆ ಹಿಡಿದಿತ್ತು. ನಮ್ಮ ಕೊಟ್ಟಿಗೆಯ ಆರು ತಿಂಗಳ ಕರುವಿನ ಕಣ್ಣಿನ ಸುತ್ತ ಬೂದಿ ಬಣ್ಣದ ಹಕ್ಕಳೆ ಕಟ್ಟಿತು. ಆಮೇಲೆ ಕಿವಿಯ ಬುಡ, ಕತ್ತು. ಕೂದಲು ಉದುರಿ, ನಾಣ್ಯ ಇಟ್ಟ ಹಾಗೆ ದುಂಡನೆಯ ಜಾಗಗಳು. ಖನಿಜಾಂಶ ಕಡಿಮೆ ಆಗಿರಬೇಕು ಅಂದ್ಕೊಂಡು ನಾನು ಮಿನರಲ್ ಮಿಕ್ಸ್ಚರ್ ಜಾಸ್ತಿ ಮಾಡಿದೆ. ಮೂಡಿಗೆರೆಯಲ್ಲಿ ನಾಲ್ಕು ವರ್ಷ ತೋಟಗಾರಿಕೆ ಓದಿ, ಗಿಡಕ್ಕೆ ಬರೋ ಶಿಲೀಂಧ್ರಗಳ ಹೆಸರನ್ನ ಬಾಯಿಪಾಠ ಮಾಡಿದವನು ನಾನು. ಕರುವಿನ ಮುಖದ ಮೇಲೆ ಕೂತಿದ್ದ ಶಿಲೀಂಧ್ರ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಮೂರು ವಾರಕ್ಕೆ ನನ್ನ ಮುಂಗೈ ಮೇಲೆ ಕೆಂಪು ಉಂಗುರ ಎದ್ದಿತು. ಸ್ವಲ್ಪ ದಿನಕ್ಕೆ ಅಪ್ಪನ ಸೊಂಟದಲ್ಲಿ, ಪಂಚೆ ಬಿಗಿಯೋ ಜಾಗದಲ್ಲಿ ಇನ್ನೊಂದು. ಪೇಟೆಗೆ ಹೋದಾಗ ಔಷಧಿ ಅಂಗಡಿಯಲ್ಲಿ ಬಾಯಲ್ಲೇ ಹೇಳಿ ಒಂದು ಟ್ಯೂಬ್ ತಂದೆ. ಮೂರೇ ದಿನಕ್ಕೆ ನವೆ ನಿಂತು ಕೆಂಪು ಇಳಿಯಿತು. ವಾಸಿ ಆಯ್ತು ಅಂತ ಟ್ಯೂಬ್ ಪಕ್ಕಕ್ಕಿಟ್ವಿ. ಹದಿನೈದು ದಿನಕ್ಕೆ ಅಪ್ಪನ ಸೊಂಟದ ಉಂಗುರ ಊಟದ ತಟ್ಟೆಯಷ್ಟು ಅಗಲ ಆಗಿ ವಾಪಸ್ ಬಂತು. ಮತ್ತೆ ಅದೇ ಟ್ಯೂಬ್, ಮತ್ತೆ ಮೂರು ದಿನ, ಮತ್ತೆ ವಾಪಸ್. ಹೀಗೆ ನಾಲ್ಕು ತಿಂಗಳು. ಅಪ್ಪನಿಗೆ ರಾತ್ರಿ ನಿದ್ದೆ ಇಲ್ಲ. ನನ್ನ ನಾಲ್ಕು ವರ್ಷದ ಮಗಳು ಅಜ್ಜನ ಮಗ್ಗುಲು ಬಿಟ್ಟು ಮಲಗಿದವಳಲ್ಲ. "ನಂಗೆ ಮೈ ಸರಿಯಿಲ್ಲ ಕಣವ್ವ, ಅಮ್ಮನ ಹತ್ರ ಮಲ್ಕೋ" ಅಂತ ಅಪ್ಪ ಅವಳನ್ನ ಕಳಿಸೋಕೆ ಶುರು ಮಾಡಿದ್ರು. ಟ್ಯೂಬ್ ತಂದುಕೊಟ್ಟವನು ನಾನೇ ಆದ್ದರಿಂದ ಆ ಮಾತು ನನಗೆ ಚುಚ್ಚಿತು.

ಕೊನೆಗೆ ಚರ್ಮದ ಡಾಕ್ಟರ್ ಹತ್ರ ಹೋದ್ವಿ. ಅವರು ಟ್ಯೂಬ್ ತಿರುಗಿಸಿ ಓದಿದರು, ನಾನೇನು ಓದಿದ್ದೀನಿ ಅಂತ ಕೇಳಿದರು. ಆಮೇಲೆ ಹೇಳಿದ್ದು ಇಷ್ಟು: "ಮಾವಿನ ಚಿಬ್ಬು ರೋಗಕ್ಕೆ ಒಂದು ಸಲ ಔಷಧಿ ಹೊಡೆದು ಕೈ ತೊಳ್ಕೋತೀರಾ? ಇಲ್ಲ ತಾನೆ? ಇದೂ ಬೆಳೆಯೋ ಜೀವ ಕಣ್ರೀ. ಇವತ್ತು ಇದ್ದ ಹಾಗೆ ನಾಳೆ ಇರಲ್ಲ."

ಆ ಮಾತು ಹಿಡ್ಕೊಂಡು ನಾನು ಓದ್ತಾ ಹೋದೆ. ಗಿಡದ ರೋಗದ ಪಾಠದಲ್ಲಿ ಕಲಿತಿದ್ದೇ ಮೈಮೇಲಿನ ರೋಗಕ್ಕೂ ಎಷ್ಟೊಂದು ಹೊಂದುತ್ತೆ ಅಂತ ಗೊತ್ತಾಯ್ತು. ಮಳೆಯಲ್ಲಿ, ಕೆಸರಲ್ಲಿ, ಕೊಟ್ಟಿಗೆಯಲ್ಲಿ ಕೆಲಸ ಮಾಡೋ ನಮಗೆಲ್ಲ ಇದು ಬೇಕಾದ ವಿಷಯ. ಅದಕ್ಕೇ ಈ ವಾರ ಬೆಳೆ ಬಿಟ್ಟು ನಮ್ಮ ಚರ್ಮದ ಬಗ್ಗೆ ಮಾತಾಡೋಣ.

ಹುಳುವೂ ಇಲ್ಲ, ಕಡ್ಡಿಯೂ ಇಲ್ಲ

ನಾವು ಹುಳುಕಡ್ಡಿ, ಗಜಕರ್ಣ, ತದ್ದು ಅಂತೆಲ್ಲ ಕರೆಯೋ ಈ ರೋಗದಲ್ಲಿ ಹುಳು ಇರಲ್ಲ. ಇದು ಶಿಲೀಂಧ್ರ. ಚರ್ಮ, ಕೂದಲು, ಉಗುರು ತಿಂದು ಬದುಕೋ ಶಿಲೀಂಧ್ರಗಳದ್ದೇ ಒಂದು ಬಳಗ ಇದೆ. ಕೆಲವು ಮಣ್ಣಲ್ಲಿರ್ತವೆ, ಕೆಲವು ಪ್ರಾಣಿಗಳ ಮೇಲೆ, ಕೆಲವು ಮನುಷ್ಯರ ಮೇಲೆ ಮಾತ್ರ. ಕರುವಿನ ಮುಖದ ಮೇಲೆ ಹಕ್ಕಳೆ ಕಟ್ಟಿಸೋದು ಸಾಮಾನ್ಯವಾಗಿ ಟ್ರೈಕೋಫೈಟಾನ್ ವೆರುಕೋಸಮ್. ಇದು ಹಾಲು ಕರೆಯೋರ ಕೈಗೆ, ಕರು ಹಿಡಿಯೋರ ಕತ್ತಿಗೆ, ಗಡ್ಡಕ್ಕೆ ಅಂಟುತ್ತೆ. ತೊಡೆಸಂದಿ, ಸೊಂಟದಲ್ಲಿ ಬರೋದು ಹೆಚ್ಚಾಗಿ ಮನುಷ್ಯರಿಂದ ಮನುಷ್ಯರಿಗೆ ಹರಡೋ ಜಾತಿ. ಅಪ್ಪನದ್ದು ಕರುವಿಂದಲೇ ಬಂದಿರಬೇಕು ಅಂತ ನಾನು ಕರುವನ್ನ ಬೈತಿದ್ದೆ. ಅದು ಬೇರೆ ಜಾತಿಯೇ ಇರಬಹುದು ಅಂತ ಡಾಕ್ಟರ್ ಹೇಳಿದ ಮೇಲೆ ಕರುವಿನ ಮೇಲಿನ ಸಿಟ್ಟು ಇಳೀತು.

ಇಲ್ಲಿ ಎರಡು ಗೊಂದಲ ಬಿಡಿಸಿಬಿಡ್ತೀನಿ. ಒಂದು, ನಾವು ಗೊಬ್ಬರದಲ್ಲಿ ಬೆರೆಸೋ ಟ್ರೈಕೋಡರ್ಮಾ ಬೇರೆ, ಈ ಟ್ರೈಕೋಫೈಟಾನ್ ಬೇರೆ. ಗ್ರೀಕ್ ಭಾಷೆಯಲ್ಲಿ ಕೂದಲಿಗಿರೋ ಹೆಸರಿಂದ ಎರಡರ ಹೆಸರೂ ಹುಟ್ಟಿವೆ, ಅಷ್ಟೇ ಸಂಬಂಧ. ಟ್ರೈಕೋಡರ್ಮಾದಿಂದ ಹುಳುಕಡ್ಡಿ ಬರಲ್ಲ. ಎರಡು, ಬೆನ್ನು ಎದೆ ಮೇಲೆ ಬರೋ ಬಿಳಿ ಚಿಬ್ಬು ಕೂಡ ಬೇರೆ. ಅದು ಚರ್ಮದ ಎಣ್ಣೆಯಂಶ ತಿಂದು ಬದುಕೋ ಯೀಸ್ಟ್ ಜಾತಿಯದ್ದು. ಹುಳುಕಡ್ಡಿ ತಿನ್ನೋದು ಕೆರಾಟಿನ್ ಅನ್ನೋ ಪ್ರೋಟೀನನ್ನ.

ಕೆರಾಟಿನ್ ಅಂದ್ರೆ ನಮ್ಮ ಚರ್ಮದ ಹೊರಪದರ, ಕೂದಲು, ಉಗುರು, ದನದ ಕೊಂಬಿನ ಸಿಪ್ಪೆ, ಗೊರಸು, ಕೋಳಿ ಪುಕ್ಕ ಇವೆಲ್ಲದರ ಮುಖ್ಯ ವಸ್ತು. ಗೊಬ್ಬರದ ಗುಂಡಿಗೆ ಕೋಳಿ ಪುಕ್ಕ ಹಾಕಿದವರಿಗೆ ಗೊತ್ತಿರುತ್ತೆ, ಎಲೆ ಸೊಪ್ಪು ಕರಗಿ ಎಷ್ಟೋ ದಿನ ಆದ್ಮೇಲೂ ಪುಕ್ಕ ಹಾಗೇ ಇರುತ್ತೆ. ಅಷ್ಟು ಗಟ್ಟಿ ವಸ್ತು ಅದು. ಅದನ್ನ ಕರಗಿಸಿ ಊಟ ಮಾಡಬೇಕು ಅಂದ್ರೆ ಹಂತ ಹಂತವಾಗಿ ಬೇರೆ ಬೇರೆ ರಾಸಾಯನಿಕ ಕೆಲಸ ನಡೀಬೇಕು. ಹುಳುಕಡ್ಡಿ ಶಿಲೀಂಧ್ರ ಮಾಡೋದು ಅದನ್ನೇ.

ಮೊದಲ ಹಂತ: ಅಂಟಿಕೊಳ್ಳೋದು

ಶಿಲೀಂಧ್ರದ ಬೀಜಕಣ ಒದ್ದೆ ಚರ್ಮದ ಮೇಲೆ ಬಿದ್ದ ಕೆಲವೇ ಗಂಟೆಗಳಲ್ಲಿ ಅಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ತೇವ ಸಿಕ್ಕರೆ ಸುಮಾರು ಒಂದು ದಿನದಲ್ಲಿ ಮೊಳಕೆ ಒಡೆದು ಎಳೆ ಬಿಡುತ್ತೆ. ಮೂರು ನಾಲ್ಕು ದಿನಕ್ಕೆ ಎಳೆಗಳು ಚರ್ಮದ ಹೊರಪದರದ ಒಳಗೆ ನುಗ್ಗಿರ್ತವೆ. ನಮ್ಮ ಕಣ್ಣಿಗೆ ಉಂಗುರ ಕಾಣೋದು ಇದೆಲ್ಲ ಆಗಿ ಎಷ್ಟೋ ದಿನಗಳ ಮೇಲೆ.

ಮೊಳಕೆಗೆ ನೀರು ಬೇಕೇ ಬೇಕು. ನಾಟಿ ಗದ್ದೆಯಿಂದ ಬಂದು ಒದ್ದೆ ಬಟ್ಟೆಯಲ್ಲೇ ಕೂತು ಊಟ ಮಾಡೋದು, ಗಮ್‌ಬೂಟಿನ ಒಳಗೆ ಇಡೀ ದಿನ ಬೆವರಿದ ಕಾಲು, ಬಿಗಿ ಜೀನ್ಸ್ ಹಾಕ್ಕೊಂಡು ಔಷಧಿ ಹೊಡೆಯೋದು, ಇವೆಲ್ಲ ಬೀಜಕಣಕ್ಕೆ ನಾವು ಸಿದ್ಧ ಮಾಡಿಕೊಡೋ ಸಸಿಮಡಿ. ಈ ಹಂತದಲ್ಲಿ ಸೋಪು ನೀರಲ್ಲಿ ತೊಳೆದು ಒಣಗಿದ ಟವೆಲ್ಲಲ್ಲಿ ಒರೆಸಿಕೊಂಡರೆ ಎಷ್ಟೋ ಬೀಜಕಣ ಅಲ್ಲಿಗೇ ಹೋಗ್ತವೆ. ಖರ್ಚಿಲ್ಲದ ಔಷಧಿ ಅಂದ್ರೆ ಇದೇ.

ಎರಡನೇ ಹಂತ: ಗಂಧಕದ ಬೀಗ ಮುರಿಯೋದು

ಕೆರಾಟಿನ್ ಗಟ್ಟಿಯಾಗಿರೋದಕ್ಕೆ ಮುಖ್ಯ ಕಾರಣ ಅದರೊಳಗಿನ ಗಂಧಕದ ಕೊಂಡಿಗಳು. ಪ್ರೋಟೀನಿನ ಸರಗಳನ್ನ ಒಂದಕ್ಕೊಂದು ಬಿಗಿದು ಬೀಗ ಹಾಕಿದ ಹಾಗೆ ಇರ್ತವೆ. ಕೂದಲು ಸುಟ್ಟಾಗ ಬರೋ ಘಾಟು ವಾಸನೆ ಆ ಗಂಧಕದ್ದು. ಬೀಗ ತೆಗೆಯದೆ ಯಾವ ಕಿಣ್ವಕ್ಕೂ ಒಳಗೆ ದಾರಿ ಸಿಗಲ್ಲ.

ಶಿಲೀಂಧ್ರ ಇದಕ್ಕೆ ಬಳಸೋದು ಸಲ್ಫೈಟ್ ಅನ್ನೋ ವಸ್ತುವನ್ನ. ನಿಂಬೆ ಸ್ಕ್ವಾಷ್ ಕೆಡದೆ ಇರ್ಲಿ ಅಂತ ಕೆ.ಎಂ.ಎಸ್. ಪುಡಿ ಹಾಕ್ತೀವಲ್ಲ, ನೀರಿಗೆ ಬಿದ್ದಾಗ ಅದು ಬಿಡೋದೂ ಇದೇ ಜಾತಿಯ ವಸ್ತುವನ್ನ. ಶಿಲೀಂಧ್ರಕ್ಕೆ ಇದು ಸಿಗೋ ರೀತಿ ಕುತೂಹಲದ್ದು. ಕೆರಾಟಿನ್‌ನಲ್ಲಿ ಸಿಸ್ಟೀನ್ ಅನ್ನೋ ಗಂಧಕವಿರೋ ಅಮೈನೋ ಆಮ್ಲ ತುಂಬಾ ಇರುತ್ತೆ. ಅದು ಹೆಚ್ಚಾದರೆ ಶಿಲೀಂಧ್ರಕ್ಕೇ ವಿಷ. ಆದ್ದರಿಂದ ಅದನ್ನ ಒಳಗೆ ಸಲ್ಫೈಟ್ ಆಗಿ ಬದಲಾಯಿಸಿ, ಜೀವಕೋಶದ ಪೊರೆಯಲ್ಲಿರೋ ಒಂದು ಪಂಪಿನ ಮೂಲಕ ಹೊರಗೆ ತಳ್ಳುತ್ತೆ. ಹೊರಗೆ ಬಿದ್ದ ಆ ಸಲ್ಫೈಟ್ ಪಕ್ಕದ ಕೆರಾಟಿನ್‌ನ ಗಂಧಕದ ಕೊಂಡಿಯನ್ನ ಮುರಿಯುತ್ತೆ. ನಾವು ಕಸದಿಂದ ರಸ ಅಂತೀವಲ್ಲ, ಇದು ಎಷ್ಟೋ ಕಾಲದಿಂದ ಅದನ್ನೇ ಮಾಡ್ತಿದೆ. ಪ್ರಯೋಗಾಲಯದಲ್ಲಿ ಆ ಪಂಪ್ ಇಲ್ಲದ ಹಾಗೆ ಮಾಡಿದ ಶಿಲೀಂಧ್ರಕ್ಕೆ ಕೂದಲು, ಉಗುರಿನ ಮೇಲೆ ಬೆಳೆಯೋಕೆ ಆಗಲಿಲ್ಲ.

ಮೂರನೇ ಹಂತ: ಕತ್ತರಿಗಳು ಬರ್ತವೆ

ಬೀಗ ಮುರಿದ ಮೇಲೆ ಕಿಣ್ವಗಳ ಸರದಿ. ಮೊದಲು ಪ್ರೋಟೀನ್ ಸರವನ್ನ ನಡುವಿನಲ್ಲೇ ತುಂಡರಿಸೋ ಕಿಣ್ವಗಳು, ಆಮೇಲೆ ಆ ತುಂಡುಗಳನ್ನ ತುದಿಯಿಂದ ಒಂದೊಂದೇ ಅಮೈನೋ ಆಮ್ಲವಾಗಿ ಬಿಡಿಸೋ ಕಿಣ್ವಗಳು. ಮರ ಕಡಿಯೋವಾಗ ಮೊದಲು ಗರಗಸ, ಆಮೇಲೆ ಸೀಳೋಕೆ ಕೊಡಲಿ ಇದ್ದ ಹಾಗೆ. ಇವುಗಳಲ್ಲಿ ಮುಖ್ಯವಾದ ಒಂದು ಗುಂಪಿಗೆ ಸಬ್ಟಿಲಿಸಿನ್ ಅಂತ ಹೆಸರು. ಬಟ್ಟೆ ತೊಳೆಯೋ ಪುಡಿಯಲ್ಲಿ ರಕ್ತದ ಕಲೆ, ಸಾರಿನ ಕಲೆ ತೆಗೆಯೋಕೆ ಹಾಕೋ ಕಿಣ್ವವೂ ಇದೇ ಕುಟುಂಬದ್ದು, ಅದನ್ನ ಬ್ಯಾಕ್ಟೀರಿಯಾದಿಂದ ತೆಗೀತಾರೆ.

ಇದೇ ಶಿಲೀಂಧ್ರವನ್ನ ಪ್ರಯೋಗಾಲಯದಲ್ಲಿ ಬರೀ ಕೆರಾಟಿನ್ ಪುಡಿ ಹಾಕಿ ಬೆಳೆಸಿದಾಗ ಅದು ಹೊರಬಿಡೋ ಸಬ್ಟಿಲಿಸಿನ್‌ಗಳೇ ಬೇರೆ. ಜೀವಂತ ಚರ್ಮದ ಮೇಲೆ ಬೆಳೆಯುವಾಗ ಎದ್ದು ಕಾಣೋ ಸಬ್ಟಿಲಿಸಿನ್ ಬೇರೆ. ಅಂದ್ರೆ ಎಲ್ಲಿ ಇದ್ದೀನಿ, ಏನು ಸಿಗ್ತಿದೆ ಅಂತ ನೋಡಿ ಶಿಲೀಂಧ್ರ ತನ್ನ ಕತ್ತರಿಯನ್ನ ಬದಲಾಯಿಸುತ್ತೆ. "ಇವತ್ತು ಇದ್ದ ಹಾಗೆ ನಾಳೆ ಇರಲ್ಲ" ಅಂತ ಡಾಕ್ಟರ್ ಹೇಳಿದ್ದು ಇದನ್ನೇ.

ನಾಲ್ಕನೇ ಹಂತ: ಹುಳಿಯಿಂದ ಕ್ಷಾರಕ್ಕೆ

ಮಣ್ಣಿನ ರಸಸಾರ ನೋಡಿಸೋದು ನಮಗೆಲ್ಲ ಗೊತ್ತು. ಚರ್ಮಕ್ಕೂ ರಸಸಾರ ಇದೆ. ಆರೋಗ್ಯವಾಗಿರೋ ಚರ್ಮದ್ದು ಸುಮಾರು 4.5ರಿಂದ 5.5, ಅಂದ್ರೆ ಹುಳಿ. ಎಷ್ಟೋ ರೋಗಾಣುಗಳಿಗೆ ಈ ಹುಳಿಯೇ ಬೇಲಿ.

ಹುಳುಕಡ್ಡಿ ಶಿಲೀಂಧ್ರ ಈ ಬೇಲಿಯನ್ನ ಹಾರಲ್ಲ, ನಿಧಾನಕ್ಕೆ ಕರಗಿಸುತ್ತೆ. ಶುರುವಿನಲ್ಲಿ ಹುಳಿಯಲ್ಲಿ ಕೆಲಸ ಮಾಡಬಲ್ಲ ಕಿಣ್ವಗಳನ್ನ ಬಳಸುತ್ತೆ. ಪ್ರೋಟೀನ್ ಒಡೆದು ಸಿಕ್ಕ ಅಮೈನೋ ಆಮ್ಲಗಳನ್ನ ಊಟ ಮಾಡುವಾಗ ಹೆಚ್ಚಾದ ಸಾರಜನಕ ಅಮೋನಿಯಾ ಆಗಿ ಹೊರಗೆ ಬರುತ್ತೆ. ಗಂಜಲ ನಿಂತ ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯೋದೂ ಅಮೋನಿಯಾನೇ. ಅಮೋನಿಯಾ ಕ್ಷಾರ. ಅದು ಸೇರ್ತಾ ಸೇರ್ತಾ ಸುತ್ತಲಿನ ರಸಸಾರ ಏರುತ್ತೆ. ಪ್ರಯೋಗಾಲಯದಲ್ಲಿ ಕೆರಾಟಿನ್ ಹಾಕಿ ಬೆಳೆಸಿದಾಗ 5ರಲ್ಲಿ ಶುರುವಾದದ್ದು ಕೆಲವೇ ದಿನಕ್ಕೆ 8 ದಾಟುತ್ತೆ. ಕೆರಾಟಿನ್ ಕತ್ತರಿಸೋ ಮುಖ್ಯ ಕಿಣ್ವಗಳಿಗೆ ಬೇಕಾಗಿರೋದೂ ಈ ಕ್ಷಾರವೇ. ತಿಂದಷ್ಟೂ ಕ್ಷಾರ, ಕ್ಷಾರ ಆದಷ್ಟೂ ತಿನ್ನೋ ವೇಗ ಜಾಸ್ತಿ.

ರಸಸಾರ ಏರಿದ್ದು ಶಿಲೀಂಧ್ರಕ್ಕೆ ಹೇಗೆ ಗೊತ್ತಾಗುತ್ತೆ? ಅದರೊಳಗೆ ಪ್ಯಾಕ್-ಸಿ ಅಂತ ಒಂದು ವಂಶವಾಹಿ ಇದೆ, ರಸಸಾರ ನೋಡಿಕೊಂಡು ಬೇರೆ ವಂಶವಾಹಿಗಳನ್ನ ಆನ್-ಆಫ್ ಮಾಡೋ ಸ್ಟಾರ್ಟರ್ ಬಾಕ್ಸ್ ಇದ್ದ ಹಾಗೆ. ಬ್ರೆಜಿಲ್ ದೇಶದ ಸಂಶೋಧಕರು ಆ ವಂಶವಾಹಿಯನ್ನ ಕೆಡಿಸಿ ನೋಡಿದಾಗ ಶಿಲೀಂಧ್ರದ ಕೆರಾಟಿನ್ ಒಡೆಯೋ ಶಕ್ತಿಯೂ ಕುಂದಿತು, ಮನುಷ್ಯರ ಉಗುರಿನ ಮೇಲೆ ಬೆಳೆಯೋದೂ ಕುಂಠಿತವಾಯ್ತು.

ತೋಟಗಾರಿಕೆ ಓದಿದವನಾಗಿ ನನ್ನನ್ನ ಬೆಚ್ಚಿಬೀಳಿಸಿದ್ದು ಈ ಹಂತ. ಮಾವು, ಪಪ್ಪಾಯಿ, ಬೆಣ್ಣೆಹಣ್ಣಿಗೆ ಚಿಬ್ಬು ರೋಗ ತರೋ ಕೊಲೆಟೋಟ್ರೈಕಮ್ ನೆನಪಿದೆಯಲ್ಲ? ಕಾಯಿ ಇದ್ದಾಗ ಸುಮ್ಮನೆ ಅಡಗಿದ್ದು, ಹಣ್ಣಾದ ಮೇಲೆ ಕಪ್ಪು ಚುಕ್ಕೆ ಹರಡುತ್ತೆ. ಆ ಶಿಲೀಂಧ್ರವೂ ಅಮೋನಿಯಾ ಬಿಟ್ಟು ಸಿಪ್ಪೆಯ ರಸಸಾರ ಏರಿಸಿ, ಆಮೇಲೆ ಹಣ್ಣಿನ ಅಂಗಾಂಶ ಕರಗಿಸೋ ಕಿಣ್ವವನ್ನ ಬಿಡುತ್ತೆ ಅಂತ ಬೆಣ್ಣೆಹಣ್ಣಿನ ಮೇಲಿನ ಅಧ್ಯಯನಗಳು ತೋರಿಸಿವೆ. ನಮ್ಮ ಹಿರಿಯರು ಮೈಮೇಲಿನ ಕಲೆಗೂ ಹಣ್ಣಿನ ಮೇಲಿನ ಕಲೆಗೂ ಚಿಬ್ಬು ಅಂತ ಒಂದೇ ಹೆಸರಿಟ್ಟರು. ರೋಗಗಳು ಬೇರೆ ಬೇರೆಯೇ, ಆದರೆ ಚರ್ಮಕ್ಕೂ ಸಿಪ್ಪೆಗೂ ಶಿಲೀಂಧ್ರ ನುಗ್ಗೋ ಉಪಾಯದಲ್ಲಿ ಇಷ್ಟು ಹೋಲಿಕೆ ಇದೆ.

ಈ ಬದಲಾವಣೆಯನ್ನ ಕಣ್ಣಾರೆ ನೋಡೋಕೂ ಆಗುತ್ತೆ. ಪ್ರಾಣಿ ಆಸ್ಪತ್ರೆಗಳಲ್ಲಿ ಹುಳುಕಡ್ಡಿ ಪತ್ತೆಗೆ ಬಳಸೋ ಒಂದು ವಿಶೇಷ ಮಾಧ್ಯಮ ಇದೆ. 1969ರಲ್ಲಿ ಬಂದದ್ದು. ಅದರಲ್ಲಿ ಪ್ರೋಟೀನೂ ಇರುತ್ತೆ, ಸಕ್ಕರೆಯೂ ಇರುತ್ತೆ, ಜೊತೆಗೆ ರಸಸಾರ ತೋರಿಸೋ ಬಣ್ಣ. ಕೂದಲು ಅಥವಾ ಹಕ್ಕಳೆ ಚೂರು ಅದರ ಮೇಲೆ ಇಡ್ತಾರೆ. ಹುಳುಕಡ್ಡಿ ಶಿಲೀಂಧ್ರ ಮೊದಲು ಪ್ರೋಟೀನಿಗೆ ಬಾಯಿ ಹಾಕುತ್ತೆ, ಕ್ಷಾರ ಆಗಿ ಹಳದಿ ಮಾಧ್ಯಮ ಕೆಂಪಾಗುತ್ತೆ. ಗಾಳಿಯಿಂದ ಬಂದ ಸಾಮಾನ್ಯ ಬೂಷ್ಟು ಮೊದಲು ಸಕ್ಕರೆ ತಿನ್ನುತ್ತೆ, ಸಕ್ಕರೆ ಮುಗಿದ ಮೇಲಷ್ಟೇ ಪ್ರೋಟೀನಿಗೆ ಬರುತ್ತೆ. ಹಾಗಾಗಿ ಅದು ಕೆಂಪಾಗೋದು ತಡ. ದಿನಾ ನೋಡ್ತಾ, ಬೆಳವಣಿಗೆ ಕಂಡ ಹೊತ್ತಿಗೇ ಕೆಂಪಾಯ್ತಾ, ತಡವಾಗಿ ಆಯ್ತಾ ಅಂತ ಗುರುತು ಹಾಕ್ತಾರೆ. ಊಟದ ಕ್ರಮ ನೋಡಿಯೇ ಕಳ್ಳನನ್ನ ಹಿಡಿಯೋದು.

ಐದನೇ ಹಂತ: ಉಂಗುರ ಮತ್ತು ಮರೆ

ಚರ್ಮದಲ್ಲಿ ಸಕ್ಕರೆ ಅಪರೂಪ. ಆದ್ದರಿಂದ ಶಿಲೀಂಧ್ರ ತನ್ನ ಒಳಗಿನ ಅಡುಗೆಮನೆಯನ್ನೇ ಬದಲಾಯಿಸುತ್ತೆ. ಸಕ್ಕರೆ ಇಲ್ಲದೆಯೂ ಕೊಬ್ಬು ಮತ್ತು ಅಮೈನೋ ಆಮ್ಲದಿಂದ ಬದುಕೋ ದಾರಿಗಳ ವಂಶವಾಹಿಗಳು ಚುರುಕಾಗ್ತವೆ.

ಇನ್ನೊಂದು ಕಡೆ ನಮ್ಮ ದೇಹ ಸುಮ್ಮನಿರಲ್ಲ. ಶತ್ರು ಬಂದಿದೆ ಅಂತ ತಿಳಿದು ರಕ್ತ ಹರಿಸುತ್ತೆ, ಕೆಂಪಾಗುತ್ತೆ, ನವೆ ಆಗುತ್ತೆ, ಹೊರಪದರವನ್ನ ಬೇಗ ಬೇಗ ಉದುರಿಸುತ್ತೆ. ಮಧ್ಯದಲ್ಲಿ ಶಿಲೀಂಧ್ರ ಕಡಿಮೆ ಆಗುತ್ತೆ, ಅಂಚಿನಲ್ಲಿ ಹೊಸ ಚರ್ಮಕ್ಕೆ ನುಗ್ಗುತ್ತೆ. ಅದಕ್ಕೇ ಉಂಗುರ. ಡಾಕ್ಟರ್ ಪರೀಕ್ಷೆಗೆ ಕೆರೆದು ತೆಗೆಯೋದೂ ಅಂಚಿನಿಂದಲೇ. ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಚರ್ಮದ ಚೂರು ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಅಪ್ಪನ ಸ್ಲೈಡನ್ನ ನನಗೂ ತೋರಿಸಿದ್ರು. ಬೇಲಿ ಮೇಲೆ ಹಬ್ಬಿದ ಬಳ್ಳಿ ಥರ ಎಳೆಗಳು ಅಡ್ಡಾದಿಡ್ಡಿ ಹರಿದಿದ್ವು. ನಾಲ್ಕು ತಿಂಗಳ ನಮ್ಮ ಅರ್ಧಂಬರ್ಧ ಔಷಧಿ ತಿಂದು ಬೆಳೆದಿದ್ದು ಅದು.

ಟ್ರೈಕೋಫೈಟಾನ್ ರೂಬ್ರಮ್ ಅನ್ನೋ ಜಾತಿ ಇನ್ನೂ ಚಾಲಾಕಿ. ಅದರ ಕೋಶಗೋಡೆಯ ಮ್ಯಾನನ್ ಅನ್ನೋ ವಸ್ತು ನಮ್ಮ ರೋಗನಿರೋಧಕ ಕಣಗಳ ಕೆಲಸವನ್ನ ತಗ್ಗಿಸುತ್ತೆ. ಅದಕ್ಕೇ ಅದು ಹೆಚ್ಚು ಗಲಾಟೆ ಮಾಡದೆ ಕಾಲ್ಬೆರಳ ಸಂದಿಯಲ್ಲೋ ಉಗುರಿನಲ್ಲೋ ವರ್ಷಗಟ್ಟಲೆ ಕೂತಿರಬಲ್ಲದು. ಕರುವಿಂದ ಬಂದದ್ದು ಕೆಂಪಗೆ ಊದಿ ಜಗಳ ಆಡುತ್ತೆ, ಮನುಷ್ಯರದ್ದು ಸದ್ದಿಲ್ಲದೆ ಉಳಿಯುತ್ತೆ.

ಕೊನೆಯ ಹಂತ: ಬುತ್ತಿ ಕಟ್ಟೋದು

ಎಳೆಗಳು ಹಳೆಯದಾದಂತೆ ತುಂಡು ತುಂಡಾಗಿ, ದಪ್ಪ ಗೋಡೆಯ ಬೀಜಕಣಗಳಾಗ್ತವೆ. ಈ ಕಣಗಳು ಉದುರೋ ಹೊಟ್ಟು, ಕೂದಲು, ಹಕ್ಕಳೆಯ ಜೊತೆ ಬೀಳ್ತವೆ. ಟವೆಲ್, ಪಂಚೆ, ಹಾಸಿಗೆ, ದನದ ಹಗ್ಗ, ಗೂಟ, ಗೋದಲಿ ಎಲ್ಲ ಕಡೆ. ಕರುವಿನ ಜಾತಿಯ ಬೀಜಕಣ ಒಣ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತೆ.

ಔಷಧಿಗಳು ಹೆಚ್ಚಾಗಿ ಬೆಳೀತಿರೋ ಎಳೆಯ ಮೇಲೆ ಚೆನ್ನಾಗಿ ಕೆಲಸ ಮಾಡ್ತವೆ. ಮಲಗಿರೋ ಬೀಜಕಣ ಅಷ್ಟು ಸುಲಭಕ್ಕೆ ಬಗ್ಗಲ್ಲ. ಕಳೆ ಕಿತ್ತ ಗದ್ದೆಯಲ್ಲಿ ಮಣ್ಣೊಳಗೆ ಕಳೆಬೀಜ ಉಳಿದ ಹಾಗೆ. ಮೂರು ದಿನಕ್ಕೆ ನವೆ ನಿಲ್ಲುತ್ತೆ ನಿಜ, ಬೀಜ ಮಾತ್ರ ಅಲ್ಲೇ ಇರುತ್ತೆ. ನಮ್ಮ ಚರ್ಮದ ಹೊರಪದರ ಪೂರ್ತಿ ಬದಲಾಗೋಕೆ ಸುಮಾರು ನಾಲ್ಕು ವಾರ ಬೇಕು. ಔಷಧಿ ಅಷ್ಟು ದಿನ ಯಾಕೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ.

ನನ್ನ ಟ್ಯೂಬ್ ಎಲ್ಲಿ ಎಡವಿತು?

ನಾನು ತಂದಿದ್ದು ಮಿಶ್ರಣದ ಕ್ರೀಮ್. ಫಂಗಸ್ ಔಷಧಿ, ಬ್ಯಾಕ್ಟೀರಿಯಾ ಔಷಧಿ, ಜೊತೆಗೆ ಜೋರಾದ ಸ್ಟೀರಾಯ್ಡ್. ಸ್ಟೀರಾಯ್ಡ್ ಮಾಡೋದು ನಮ್ಮ ದೇಹದ ಜಗಳವನ್ನ ನಿಲ್ಲಿಸೋದು. ಜಗಳ ನಿಂತಾಗ ಕೆಂಪು ಹೋಗುತ್ತೆ, ನವೆ ಹೋಗುತ್ತೆ. ಕಾವಲು ನಾಯಿಗೆ ಅನ್ನ ಹಾಕಿ ಮಲಗಿಸಿದ ಮೇಲೆ ಕಳ್ಳನಿಗೆ ಹಬ್ಬ. ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೊಳಗೇ ಹರಡುತ್ತೆ, ಉಂಗುರದ ಆಕಾರವೂ ಕೆಟ್ಟು ಡಾಕ್ಟರಿಗೂ ಗುರುತು ಸಿಗದ ಹಾಗೆ ಆಗುತ್ತೆ. ಅಪ್ಪನ ಸೊಂಟದ ಚರ್ಮ ತೆಳುವಾಗಿ ಗೀರು ಬಿದ್ದಿತ್ತು. ಆ ಗೀರು ಇನ್ನೂ ಹೋಗಿಲ್ಲ. 2018ರಲ್ಲೇ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನ ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ತಂದಿದೆ. ಚೀಟಿ ಇಲ್ಲದೆ ಕೇಳಿದ್ದು ನಾನು, ಕೊಟ್ಟಿದ್ದು ಅವರು.

ಎರಡನೇ ತಪ್ಪು, ಅರ್ಧಕ್ಕೆ ನಿಲ್ಲಿಸಿದ್ದು. ಶಿಲೀಂಧ್ರದ ಕೋಶಪೊರೆಗೆ ಎರ್ಗೋಸ್ಟೆರಾಲ್ ಅನ್ನೋ ವಸ್ತು ಬೇಕು. ಟರ್ಬಿನಾಫಿನ್ ಅದರ ತಯಾರಿಯ ಒಂದು ಮೆಟ್ಟಿಲನ್ನ ತಡೆಯುತ್ತೆ, ಇಟ್ರಾಕೊನಜೋಲ್‌ನಂಥವು ಇನ್ನೊಂದನ್ನ. ಅರ್ಧಂಬರ್ಧ ಔಷಧಿಯಲ್ಲಿ ಬದುಕಿ ಉಳಿದವು ಆ ಮೆಟ್ಟಿಲನ್ನೇ ಮಾರ್ಪಡಿಸಿಕೊಂಡು ಔಷಧಿಗೆ ಬಗ್ಗದ ತಳಿ ಆಗ್ತವೆ. 2020ರಲ್ಲಿ ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳದಿಂದ ಬಂದ ರೋಗಿಗಳಲ್ಲಿ ಸಿಕ್ಕ, ಟರ್ಬಿನಾಫಿನ್‌ಗೆ ಜಗ್ಗದ ಒಂದು ಜಾತಿಗೆ ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶ ಸೇರಿಕೊಂಡಿದೆ. ಹೆಮ್ಮೆ ಪಡೋ ವಿಷಯ ಅಲ್ಲ.

ಮೂರನೇ ಮಾತು ನಮ್ಮಂಥವರಿಗೇ. ಒಬ್ಬ ಗೆಳೆಯ ಕೇಳಿದ: "ಹೆಕ್ಸಾಕೊನಜೋಲೂ ಕೊನಜೋಲೇ ಅಲ್ವಾ, ಅದನ್ನೇ ನೀರು ಮಾಡಿ ಹಚ್ಚಿದ್ರೆ?" ಮಾಡಬೇಡಿ. ಒಂದೇ ಮೆಟ್ಟಿಲಿಗೆ ಹೊಡೆಯುತ್ತೆ ಅನ್ನೋದು ನಿಜ, ಆದರೆ ಅದನ್ನ ಗಿಡಕ್ಕೆ ಅಂತ ಮಾಡಿರೋದು. ಮನುಷ್ಯರ ಚರ್ಮಕ್ಕೂ ಕರುವಿನ ಚರ್ಮಕ್ಕೂ ಅದು ಬೇಡ. ಬ್ಯಾಟರಿ ಆಸಿಡ್, ಸೀಮೆಎಣ್ಣೆ, ಮೈಲುತುತ್ತ ಕೂಡ ಬೇಡ. ಸುಟ್ಟ ಗಾಯದ ಮೇಲೆ ಇನ್ನೊಂದು ರೋಗ ಕೂರುತ್ತೆ.

ತಗಚೆ ಸೊಪ್ಪು ಆಗಲ್ವಾ?

ಸಾವಯವ ಮಾಡೋನು ನೀನೇ ಹೀಗಂದ್ರೆ ಹೇಗೆ ಅಂತ ಅಮ್ಮ ಕೇಳಿದ್ರು. ಮಳೆಗಾಲದಲ್ಲಿ ದಾರಿ ಬದಿ ಬೆಳೆಯೋ ತಗಚೆಗೆ ಸಂಸ್ಕೃತದಲ್ಲಿ ಚಕ್ರಮರ್ದ, ದದ್ರುಘ್ನ ಅಂತ ಹೆಸರು. ದದ್ರು ಅಂದ್ರೆ ತದ್ದು, ಅದನ್ನ ಕೊಲ್ಲುವಂಥದ್ದು. ತಗಚೆಯಲ್ಲಿ, ಅದರ ಬಳಗದ ಸೀಮೆ ಅಗಸೆಯಲ್ಲಿ ಶಿಲೀಂಧ್ರವನ್ನ ತಡೆಯಬಲ್ಲ ವಸ್ತುಗಳು ಇವೆ. ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಆದರೆ ಅರೆದು ಹಚ್ಚೋ ಸೊಪ್ಪಿನಲ್ಲಿ ಪ್ರಮಾಣ ಎಷ್ಟು ಅಂತ ಅಳತೆ ಇರಲ್ಲ, ಕೆಲವರ ಚರ್ಮ ಉರಿ ಬರುತ್ತೆ, ಅಪ್ಪನಷ್ಟು ಹರಡಿದ ಮೇಲೆ ಅದು ಸಾಲಲ್ಲ. ಡಾಕ್ಟರಿಗೆ ಹೇಳಿಯೇ ಬಳಸಿ. ತೋಟದಲ್ಲಿ ನಾನು ರಾಸಾಯನಿಕ ಬಿಟ್ಟಿದ್ದೀನಿ. ಅಪ್ಪನ ಚರ್ಮವನ್ನ ನನ್ನ ಸಿದ್ಧಾಂತದ ಪ್ರಯೋಗಕ್ಕೆ ಇಡೋಕೆ ಮನಸ್ಸು ಬರಲಿಲ್ಲ.

ಇಷ್ಟು ಮಾಡಿ

ಮನೆಯವರಿಗೆ:

1. ದುಂಡಗೆ, ಅಂಚು ಕೆಂಪಾಗಿ, ಹೊಟ್ಟು ಉದುರೋ ಕಲೆ ಕಂಡರೆ ಡಾಕ್ಟರಿಗೆ ತೋರಿಸಿ. ಔಷಧಿ ಹಚ್ಚೋ ಮೊದಲೇ ಹೋದರೆ ಪತ್ತೆ ಸುಲಭ.
2. ಈಗಾಗಲೇ ಯಾವುದೋ ಟ್ಯೂಬ್ ಹಚ್ಚಿದ್ದರೆ ಅದನ್ನ ಜೊತೆಗೆ ಒಯ್ಯಿರಿ. ಟ್ಯೂಬಿನ ಹಿಂಭಾಗದ ಫೋಟೋ ಮೊಬೈಲಲ್ಲಿ ಇಟ್ಕೊಳ್ಳಿ. ಕ್ಲೊಬೆಟಾಸಾಲ್, ಬೀಟಾಮೆಥಾಸೋನ್ ಅಂತಿದ್ದರೆ ಅದು ಸ್ಟೀರಾಯ್ಡ್.
3. ಕ್ರೀಮನ್ನ ಕಲೆಯ ಮೇಲಷ್ಟೇ ಅಲ್ಲ, ಅಂಚಿನ ಆಚೆ ಎರಡು ಬೆರಳಗಲ ಹಚ್ಚಿ. ಶಿಲೀಂಧ್ರ ಕಣ್ಣಿಗೆ ಕಾಣೋ ಅಂಚಿಗಿಂತ ಮುಂದೆ ಇರುತ್ತೆ.
4. ಗುರುತು ಮಾಯವಾದ ಮೇಲೂ ಡಾಕ್ಟರ್ ಹೇಳಿದಷ್ಟು ದಿನ, ಸಾಮಾನ್ಯವಾಗಿ ಇನ್ನೆರಡು ವಾರ, ಮುಂದುವರಿಸಿ. ಮೊಬೈಲಲ್ಲಿ ಅಲಾರಂ ಇಡಿ. ವಾರಕ್ಕೊಂದು ಫೋಟೋ ತೆಗೆದರೆ ಹೆಚ್ಚಿತೋ ಇಳಿಯಿತೋ ಗೊತ್ತಾಗುತ್ತೆ.
5. ಟವೆಲ್, ಪಂಚೆ, ಒಳಉಡುಪು ಒಬ್ಬರದ್ದು ಒಬ್ಬರು ಬಳಸಬೇಡಿ. ಬಿಸಿನೀರಲ್ಲಿ ತೊಳೆದು, ಮಗುಚಿ ಹಾಕಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ.
6. ಮನೆಯಲ್ಲಿ ಯಾರಿಗೆಲ್ಲ ಇದೆಯೋ ಎಲ್ಲರೂ ಒಟ್ಟಿಗೇ ಔಷಧಿ ತಗೊಳ್ಳಿ. ಮಕ್ಕಳ ತಲೆಯಲ್ಲಿ ಕೂದಲು ಉದುರಿದ ದುಂಡನೆ ಜಾಗ ಕಂಡರೆ ತಡ ಮಾಡಬೇಡಿ, ಅದಕ್ಕೆ ಬರೀ ಕ್ರೀಮ್ ಸಾಲಲ್ಲ, ಮಾತ್ರೆ ಬೇಕಾಗುತ್ತೆ.
7. ಗಮ್‌ಬೂಟ್ ಬಳಸೋರು ಕೆಲಸ ಮುಗಿದ ತಕ್ಷಣ ಕಾಲು ತೊಳೆದು ಬೆರಳ ಸಂದಿ ಒರೆಸಿ. ಬೂಟನ್ನ ತಲೆಕೆಳಗು ಮಾಡಿ ಒಣಗಿಸಿ.

ಕೊಟ್ಟಿಗೆಗೆ:

1. ಹಕ್ಕಳೆ ಇರೋ ಕರುವನ್ನ ಬೇರೆ ಕಟ್ಟಿ. ಹಗ್ಗ, ಬ್ರಷ್ಷು ಬೇರೆ ಇಡಿ. ಮುಟ್ಟುವಾಗ ಕೈಗವಸು, ಆಮೇಲೆ ಸೋಪು.
2. ಪಶುವೈದ್ಯರನ್ನ ಕರೆಸಿ. ಎಷ್ಟೋ ಕರುಗಳಲ್ಲಿ ಇದು ಕೆಲವು ತಿಂಗಳಿಗೆ ತಾನಾಗಿಯೇ ವಾಸಿ ಆಗುತ್ತೆ, ಆದರೆ ಅಷ್ಟರಲ್ಲಿ ಇಡೀ ಕೊಟ್ಟಿಗೆಗೆ ಬೀಜ ಹರಡಿರುತ್ತೆ.
3. ಉದುರಿದ ಹಕ್ಕಳೆ, ಕೂದಲು ಗುಡಿಸಿ ಸುಟ್ಟುಬಿಡಿ. ತಿಪ್ಪೆಗೆ ಹಾಕಬೇಡಿ.
4. ಗೋದಲಿ, ಗೂಟ, ಗೋಡೆ ಕೆರೆದು ತೊಳೆದು, ದನಗಳನ್ನ ಆಚೆ ಕಟ್ಟಿ ಬ್ಲೀಚಿಂಗ್ ಪೌಡರ್ ನೀರು ಹಾಕಿ. ಒಣಗಿದ ಮೇಲೆ ಒಳಗೆ ಬಿಡಿ.
5. ಕರುಗಳಿಗೆ ಬೆಳಗಿನ ಬಿಸಿಲು, ಹಸಿರು ಮೇವು, ಒಣ ನೆಲ ಸಿಗಲಿ. ಕತ್ತಲೆ, ಒದ್ದೆ, ಒತ್ತೊತ್ತಾಗಿ ಕಟ್ಟೋದು ಮೂರೂ ಸೇರಿದ ಕಡೆ ಈ ರೋಗ ಹೆಚ್ಚು.

ಅಪ್ಪನಿಗೆ ಆರು ವಾರ ಮಾತ್ರೆ, ಎಂಟು ವಾರ ಕ್ರೀಮ್ ಆಯ್ತು. ಐದನೇ ವಾರಕ್ಕೆ ಕಲೆ ಕಾಣ್ತಿರಲಿಲ್ಲ. "ಸಾಕು ಬಿಡೋ, ಹೋಗಿದೆಯಲ್ಲ" ಅಂದ್ರು. "ಕಳೆ ಕಿತ್ತಾಯ್ತು ಅಪ್ಪ, ಬೀಜ ಇನ್ನೂ ಇದೆ" ಅಂದೆ. ಐವತ್ತು ವರ್ಷ ಗದ್ದೆ ಮಾಡಿದವರಿಗೆ ಅದಕ್ಕಿಂತ ಹೆಚ್ಚು ವಿವರಿಸಬೇಕಾಗಿರಲಿಲ್ಲ. ಟ್ಯೂಬ್ ಕೈಗೆ ತಗೊಂಡ್ರು.

ಈ ಮಳೆಗಾಲಕ್ಕೆ ಕರುವಿನ ಮುಖದಲ್ಲಿ ಕೂದಲು ಹುಟ್ಟಿದೆ. ಮಗಳು ಮತ್ತೆ ಅಜ್ಜನ ಮಗ್ಗುಲಿಗೆ ಹೋಗಿದ್ದಾಳೆ. ನಿಮ್ಮ ಮನೆಯಲ್ಲೂ ಯಾರಾದ್ರೂ ಮೂರು ದಿನಕ್ಕೆ ಟ್ಯೂಬ್ ಪಕ್ಕಕ್ಕಿಟ್ಟಿದ್ರೆ, ಇವತ್ತೇ ಅವರಿಗೆ ಇದನ್ನ ಓದಿ ಹೇಳಿ.